ಜಠರದ ಆರಂಭಿಕ ಕ್ಯಾನ್ಸರ್: ಪತ್ತೆಗೆ ಬಳಸುವ ಎಂಡೋಸ್ಕೊಪಿ ಚಿತ್ರಣ ವಿಧಾನಗಳು

ಜಠರದ ಒಳಮೈಯಲ್ಲಿ ಹುಟ್ಟಿ ಇನ್ನೂ ಆಳಕ್ಕೆ ಇಳಿಯದ ಕ್ಯಾನ್ಸರನ್ನು, ಬಾಯಿಯ ಮೂಲಕ ಇಳಿಸಿದ ಕ್ಯಾಮೆರಾ ನಳಿಕೆಯಿಂದ ಕಂಡುಹಿಡಿಯಲು ಬಳಕೆಯಲ್ಲಿರುವ ವಿಧಾನಗಳ ಸಮೂಹವಿದು. ಸಾಮಾನ್ಯ ಬಿಳಿ ಬೆಳಕಿನ ನೋಟ, ಬಣ್ಣ ಸಿಂಪಡಿಸಿ ನೋಡುವ ಕ್ರಮ, ಆಯ್ದ ಅಲೆಯುದ್ದದ ಬೆಳಕಿನ ಚಿತ್ರಣ, ಹಿಗ್ಗಿಸಿ ನೋಡುವ ಮಸೂರ, ಜೀವಕೋಶದ ಮಟ್ಟಕ್ಕೆ ಇಳಿಯುವ ಸೂಕ್ಷ್ಮದರ್ಶಕ, ಶ್ರವಣಾತೀತ ಧ್ವನಿಯ ಶೋಧಕ, ಇತ್ತೀಚಿನ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಇದರಲ್ಲಿ ಸೇರುತ್ತವೆ.

ವಿಧಾನಗಳು ಹಲವಾದರೂ ವೈದ್ಯರ ಮುಂದಿರುವ ಪ್ರಶ್ನೆಗಳು ಮೂರು. ಅನುಮಾನ ಹುಟ್ಟಿಸುವ ಜಾಗ ಎಲ್ಲಿದೆ? ಅದು ಕ್ಯಾನ್ಸರೋ, ಬರಿಯ ಉರಿಯೂತವೋ? ಕ್ಯಾನ್ಸರೇ ಆದರೆ ಅದರ ಅಗಲವೆಷ್ಟು, ಆಳವೆಷ್ಟು? ಒಂದೇ ವಿಧಾನ ಈ ಮೂರಕ್ಕೂ ಸಮನಾಗಿ ಉತ್ತರ ಕೊಡುವುದಿಲ್ಲ. ಹುಡುಕಲು ಒದಗುವ ಬೆಳಕು ಗುರುತಿಸಲು ಸಾಲದೆ ಹೋಗಬಹುದು. ಗುರುತಿಸುವುದರಲ್ಲಿ ಗಟ್ಟಿಯಾದ ಉಪಕರಣ ಹುಡುಕಾಟದಲ್ಲಿ ಸೋಲಬಹುದು. ಯಾವ ವಿಧಾನ ಯಾವ ಪ್ರಶ್ನೆಗೆ ಎಂಬುದನ್ನು ತಿಳಿದರೆ ಈ ಕ್ಷೇತ್ರದ ಬೆಳವಣಿಗೆ ಸುಲಭವಾಗಿ ಅರ್ಥವಾಗುತ್ತದೆ.

ಆರಂಭಿಕ ಕ್ಯಾನ್ಸರ್ ಎಂದರೆ

ಜಠರದ ಗೋಡೆ ಹಲವು ಪದರಗಳಿಂದಾದದ್ದು. ಒಳಮೈಗೆ ಲೋಳೆಪೊರೆ, ಅದರ ಕೆಳಗೆ ರಕ್ತನಾಳಗಳೂ ದುಗ್ಧರಸ ನಾಳಗಳೂ ಹಾಯುವ ಸಡಿಲವಾದ ಅಡಿಪದರ, ಅದಕ್ಕೂ ಕೆಳಗೆ ದಪ್ಪನೆಯ ಸ್ನಾಯುಪದರ, ಎಲ್ಲಕ್ಕೂ ಹೊರಗೆ ತೆಳುವಾದ ಹೊದಿಕೆ. ಕ್ಯಾನ್ಸರ್ ಲೋಳೆಪೊರೆಯಲ್ಲಿ ಅಥವಾ ಅಡಿಪದರದಲ್ಲಿ ನಿಂತಿದ್ದರೆ, ದುಗ್ಧರಸ ಗ್ರಂಥಿಗಳಿಗೆ ಹರಡಿರಲಿ ಇಲ್ಲದಿರಲಿ, ಅದನ್ನು ಆರಂಭಿಕ ಎನ್ನಬೇಕೆಂದು ಜಪಾನಿನ ಎಂಡೋಸ್ಕೊಪಿ ತಜ್ಞರ ಸಂಘ 1962ರಲ್ಲಿ ತೀರ್ಮಾನಿಸಿತು. ಈ ವ್ಯಾಖ್ಯೆಯನ್ನೇ ಇಂದು ಜಗತ್ತಿನ ವೈದ್ಯರು ಬಳಸುತ್ತಾರೆ. ಇಲ್ಲಿ ಅಳತೆಗೋಲು ಆಳವೊಂದೇ. ಐದು ಸೆಂಟಿಮೀಟರ್ ಅಗಲಕ್ಕೆ ಹರಡಿದರೂ ಲೋಳೆಪೊರೆಯೊಳಗೇ ಉಳಿದದ್ದು ಆರಂಭಿಕವೇ. ಒಂದೇ ಸೆಂಟಿಮೀಟರ್ ಇದ್ದರೂ ಸ್ನಾಯುವಿಗೆ ಇಳಿದದ್ದು ಆರಂಭಿಕವಲ್ಲ.

ಈ ಗೆರೆಗೆ ಕಾರಣವಿದೆ. ಆರಂಭಿಕ ಹಂತದಲ್ಲಿ ಚಿಕಿತ್ಸೆ ಪಡೆದವರಲ್ಲಿ 90%ಕ್ಕೂ ಹೆಚ್ಚು ಮಂದಿ ಐದು ವರ್ಷ ದಾಟಿ ಬದುಕುತ್ತಾರೆ. ಲೋಳೆಪೊರೆಯಲ್ಲೇ ಉಳಿದ ಕ್ಯಾನ್ಸರ್ ಗ್ರಂಥಿಗಳಿಗೆ ಹರಡುವ ಸಾಧ್ಯತೆ 2ರಿಂದ 3%. ಅಡಿಪದರ ಮುಟ್ಟಿದರೆ ಅದು ಸುಮಾರು 20%ಕ್ಕೆ ಏರುತ್ತದೆ. 2022ರ ಜಾಗತಿಕ ಅಂದಾಜಿನಂತೆ ವರ್ಷಕ್ಕೆ ಸುಮಾರು 9.7 ಲಕ್ಷ ಜನರಲ್ಲಿ ಜಠರದ ಕ್ಯಾನ್ಸರ್ ಹೊಸದಾಗಿ ಪತ್ತೆಯಾಗುತ್ತದೆ, ಸುಮಾರು 6.6 ಲಕ್ಷ ಜನ ಅದರಿಂದ ಸಾಯುತ್ತಾರೆ. ಈ ಎರಡು ಸಂಖ್ಯೆಗಳು ಇಷ್ಟು ಹತ್ತಿರವಿರಲು ಮುಖ್ಯ ಕಾರಣ, ಹೆಚ್ಚಿನವರಲ್ಲಿ ರೋಗ ತಡವಾಗಿ ಕಾಣಿಸಿಕೊಳ್ಳುವುದು.

ಆಕಾರವನ್ನು ನೋಡಿ ಆರಂಭಿಕ ಕ್ಯಾನ್ಸರನ್ನು ವಿಂಗಡಿಸುವ ಪದ್ಧತಿಯೂ ಜಪಾನಿನದೇ. ಉಬ್ಬಿ ನಿಂತದ್ದು ಒಂದನೆಯ ಬಗೆ. ಮೇಲ್ಮೈಯಲ್ಲೇ ಹರಡಿದ್ದು ಎರಡನೆಯದು. ಅದರಲ್ಲಿ ತುಸು ಎದ್ದಿದ್ದು ‘ಎ’, ಸಮತಟ್ಟಾದದ್ದು ‘ಬಿ’, ತುಸು ಕುಸಿದದ್ದು ‘ಸಿ’. ಆಳವಾದ ಹುಣ್ಣಿನಂತಿರುವುದು ಮೂರನೆಯದು. ಇವುಗಳಲ್ಲಿ ಹೆಚ್ಚಾಗಿ ಕಾಣುವುದು ತುಸು ಕುಸಿದ ಬಗೆ. ಗಡ್ಡೆಯನ್ನು ನಿರೀಕ್ಷಿಸುವ ಕಣ್ಣಿಗೆ ಅದು ಬೀಳುವುದು ಕಷ್ಟ. ಒಂದಿಷ್ಟು ಕೆಂಪು, ಒಂದಿಷ್ಟು ತಗ್ಗು, ಅಷ್ಟೇ.

ಹಿನ್ನೆಲೆಯ ಲೋಳೆಪೊರೆ

ಆರೋಗ್ಯವಂತ ಜಠರದಲ್ಲಿ ಈ ಕ್ಯಾನ್ಸರ್ ಹುಟ್ಟುವುದು ಅಪರೂಪ. ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾದ ಸೋಂಕು ಲೋಳೆಪೊರೆಯಲ್ಲಿ ದೀರ್ಘಕಾಲದ ಉರಿಯೂತ ಉಂಟುಮಾಡುತ್ತದೆ. ವರ್ಷಗಳು ಕಳೆದಂತೆ ಗ್ರಂಥಿಗಳು ಸವೆದು ಪೊರೆ ತೆಳುವಾಗುತ್ತದೆ. ಕೆಲವೆಡೆ ಜಠರದ ಜೀವಕೋಶಗಳ ಜಾಗದಲ್ಲಿ ಕರುಳಿನದನ್ನು ಹೋಲುವ ಜೀವಕೋಶಗಳು ಬರುತ್ತವೆ. ಮುಂದೆ ಕೆಲವರಲ್ಲಿ ಕೋಶಗಳು ವಿಕಾರಗೊಂಡು ಕ್ಯಾನ್ಸರ್ ಆಗುತ್ತದೆ. ಈ ಸರಪಳಿಯನ್ನು ವಿವರಿಸಿದ ಪೆಲಾಯೊ ಕೊರಿಯಾ ಅವರ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ಬ್ಯಾಕ್ಟೀರಿಯಾವನ್ನು ಗುರುತಿಸಿದ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಹುಮಾನ ಬಂತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1994ರಲ್ಲೇ ಅದನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತ್ತು. ಜಪಾನಿನಲ್ಲಿ 1,526 ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೋಂಕಿದ್ದ 1,246 ಜನರ ಪೈಕಿ 36 ಮಂದಿಗೆ ಜಠರದ ಕ್ಯಾನ್ಸರ್ ಬಂದರೆ, ಸೋಂಕಿಲ್ಲದ 280 ಜನರಲ್ಲಿ ಒಬ್ಬರಿಗೂ ಬರಲಿಲ್ಲ.

ಎಂಡೋಸ್ಕೊಪಿಗೆ ಇದರಿಂದ ಒಂದು ಪಾಠವಿದೆ. ಕ್ಯಾನ್ಸರ್ ಹುಡುಕುವ ಮೊದಲು ನೆಲವನ್ನು ಓದಬೇಕು. ಪೊರೆ ತೆಳುವಾದಲ್ಲಿ ಕೆಳಗಿನ ರಕ್ತನಾಳಗಳ ಜಾಲ ಎದ್ದು ಕಾಣುತ್ತದೆ, ಬಣ್ಣ ಪೇಲವವಾಗುತ್ತದೆ. ಈ ಸವೆತ ಎಲ್ಲಿಂದ ಎಲ್ಲಿಯವರೆಗೆ ಏರಿದೆ ಎಂದು ಗುರುತಿಸುವ ಕಿಮುರಾ–ತಾಕೆಮೊಟೊ ವಿಂಗಡಣೆ 1969ರಷ್ಟು ಹಳೆಯದು, ಇಂದಿಗೂ ಬಳಕೆಯಲ್ಲಿದೆ. ಸವೆತ ಹೆಚ್ಚಿದ್ದಷ್ಟೂ ವೈದ್ಯರು ಹೆಚ್ಚು ಹೊತ್ತು, ಹೆಚ್ಚು ಎಚ್ಚರದಿಂದ ನೋಡಬೇಕು. ತೊಡಕೂ ಇಲ್ಲೇ ಇದೆ. ಕ್ಯಾನ್ಸರ್ ಹುಟ್ಟುವ ನೆಲವೇ ಉರಿಯೂತದಿಂದ ಕೆಂಪು, ಬಿಳಿ, ಉಬ್ಬು, ತಗ್ಗುಗಳಿಂದ ತುಂಬಿರುವಾಗ, ಅವುಗಳ ನಡುವೆ ರೋಗದ ಒಂದು ಕಲೆಯನ್ನು ಬೇರ್ಪಡಿಸಬೇಕಾಗುತ್ತದೆ.

ನಳಿಕೆಯಿಂದ ವಿಡಿಯೊವರೆಗೆ

ಜೀವಂತ ಮನುಷ್ಯನ ಜಠರದೊಳಗೆ ಇಣುಕುವ ಮೊದಲ ಪ್ರಯತ್ನ 1868ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ನಡೆಯಿತು. ಅಡಾಲ್ಫ್ ಕುಸ್ಮೌಲ್ ನೆಟ್ಟನೆಯ ಲೋಹದ ಕೊಳವೆಯನ್ನು ಇಳಿಸಿದ್ದು ಕತ್ತಿ ನುಂಗುವ ಒಬ್ಬ ಕಲಾವಿದನ ಗಂಟಲಲ್ಲಿ. ಕೊಳವೆ ಇಳಿಯಿತು, ಬೆಳಕು ಸಾಲಲಿಲ್ಲ. 1932ರಲ್ಲಿ ರುಡಾಲ್ಫ್ ಶಿಂಡ್ಲರ್, ಉಪಕರಣ ತಯಾರಕ ಜಾರ್ಜ್ ವುಲ್ಫ್ ಜೊತೆಗೂಡಿ, ಕೆಳಭಾಗ ಸ್ವಲ್ಪ ಬಾಗುವ ಜಠರದರ್ಶಕವನ್ನು ರೂಪಿಸಿದರು.

ಆರಂಭಿಕ ಕ್ಯಾನ್ಸರಿನ ಕಥೆಯಲ್ಲಿ ನಿಜವಾದ ತಿರುವು 1950ರಲ್ಲಿ ಬಂತು. ಟೋಕಿಯೊದ ವೈದ್ಯ ತತ್ಸುರೊ ಉಜಿ ಮತ್ತು ಒಲಿಂಪಸ್ ಕಂಪನಿಯ ಎಂಜಿನಿಯರ್ ಮುತ್ಸುವೊ ಸುಗಿಯುರಾ ಮೊದಲಾದವರು ನುಂಗಬಹುದಾದ ಕ್ಯಾಮೆರಾವನ್ನು ತಯಾರಿಸಿದರು. ಬಾಗುವ ಕೊಳವೆಯ ತುದಿಯಲ್ಲಿ ಪುಟ್ಟ ಮಸೂರ, ಪುಟ್ಟ ಬಲ್ಬು, ಸಣ್ಣ ಫಿಲ್ಮ್ ಸುರುಳಿ ಇದ್ದವು. ವೈದ್ಯರಿಗೆ ಆ ಕ್ಷಣದಲ್ಲಿ ಏನೂ ಕಾಣುತ್ತಿರಲಿಲ್ಲ. ಕತ್ತಲ ಕೋಣೆಯಲ್ಲಿ ಹೊಟ್ಟೆಯ ಚರ್ಮದ ಮೇಲೆ ಮೂಡುವ ಬೆಳಕಿನ ಕಲೆಯನ್ನು ನೋಡಿ ಕ್ಯಾಮೆರಾ ಎಲ್ಲಿದೆಯೆಂದು ಊಹಿಸಿ ಗುಂಡಿ ಒತ್ತುತ್ತಿದ್ದರು. ಫಿಲ್ಮ್ ತೊಳೆದ ಮೇಲಷ್ಟೇ ಚಿತ್ರ ಸಿಗುತ್ತಿತ್ತು. ಹೀಗೆ ಕೂಡಿದ ಸಾವಿರಾರು ಚಿತ್ರಗಳನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಜಠರದೊಂದಿಗೆ ಹೋಲಿಸುವ ರೂಢಿಯಿಂದಲೇ 1962ರ ವ್ಯಾಖ್ಯೆ ಹುಟ್ಟಿತು.

1957ರಲ್ಲಿ ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯದ ಬೇಸಿಲ್ ಹಿರ್ಷೊವಿಟ್ಸ್ ಗಾಜಿನ ಎಳೆಗಳ ಕಟ್ಟಿನಿಂದ ಪೂರ್ತಿ ಬಾಗುವ ದರ್ಶಕವನ್ನು ಮಾಡಿ ಮೊದಲು ತಮ್ಮ ಗಂಟಲಿಗೇ ಇಳಿಸಿಕೊಂಡರು. 1983ರಲ್ಲಿ ವೆಲ್ಚ್ ಆಲಿನ್ ಕಂಪನಿ ತುದಿಯಲ್ಲಿ ವಿದ್ಯುನ್ಮಾನ ಚಿತ್ರಗ್ರಾಹಿಯಿರುವ ವಿಡಿಯೊ ಎಂಡೋಸ್ಕೋಪನ್ನು ಹೊರತಂದಿತು. ಚಿತ್ರವು ವಿದ್ಯುತ್ ಸಂಕೇತವಾದ ಕೂಡಲೇ ಬೆಳಕನ್ನು, ಬಣ್ಣವನ್ನು ಬೇಕಾದಂತೆ ತಿದ್ದುವ ದಾರಿ ತೆರೆಯಿತು. ಇಂದಿನ ಚಿತ್ರಣ ವಿಧಾನಗಳಲ್ಲಿ ಹೆಚ್ಚಿನವು ಈ ದಾರಿಯಲ್ಲಿ ಬಂದವು.

ಸಿದ್ಧತೆ ಮತ್ತು ಕ್ರಮ

ಯಾವ ಬೆಳಕೇ ಇರಲಿ, ಲೋಳೆ ಮೆತ್ತಿದ, ನೊರೆ ತುಂಬಿದ ಜಠರದಲ್ಲಿ ಸಣ್ಣ ಕಲೆ ಕಾಣದು. ಜಪಾನಿನಲ್ಲಿ ಪರೀಕ್ಷೆಗೆ ಮೊದಲು ಲೋಳೆ ಕರಗಿಸುವ ಪ್ರೊನೇಸ್ ಕಿಣ್ವವನ್ನೂ ನೊರೆ ಒಡೆಯುವ ದ್ರವವನ್ನೂ ಕುಡಿಸುವುದು ವಾಡಿಕೆ. ಬೇರೆಡೆ ಎನ್-ಅಸಿಟೈಲ್‌ಸಿಸ್ಟೀನ್ ಮತ್ತು ಸಿಮೆಥಿಕೋನ್ ಬೆರೆಸಿದ ನೀರನ್ನು ಕೊಡುತ್ತಾರೆ. ಜಠರದ ಅಲುಗಾಟ ತಗ್ಗಿಸಲು ಚುಚ್ಚುಮದ್ದು ಕೊಡುವುದೂ ಉಂಟು. ಆಮೇಲೆ ಗಾಳಿ ತುಂಬಿ ಮಡಿಕೆಗಳನ್ನು ಬಿಡಿಸಬೇಕು, ಉಳಿದ ಲೋಳೆಯನ್ನು ನೀರು ಚಿಮ್ಮಿ ತೊಳೆಯಬೇಕು.

ನೋಡುವುದಕ್ಕೂ ಕ್ರಮ ಬೇಕು. ಫುಕುವೊಕಾದ ಕೆನ್ಶಿ ಯಾವೊ ರೂಪಿಸಿದ ಪದ್ಧತಿಯಲ್ಲಿ ಜಠರದ ಕೆಳತುದಿ, ನಡುಭಾಗ, ಮೇಲ್ಭಾಗಗಳ ನಾಲ್ಕೂ ಗೋಡೆಗಳನ್ನು ಸರದಿಯಂತೆ ನೋಡಿ, ಬಳಿಕ ನಳಿಕೆಯನ್ನು ಹಿಂದಕ್ಕೆ ಬಾಗಿಸಿ ಮತ್ತೆ ನೋಡಿ, ಒಟ್ಟು 22 ಚಿತ್ರ ತೆಗೆಯಬೇಕು. ಹೊತ್ತೂ ಮುಖ್ಯ. ಸಿಂಗಪುರದಲ್ಲಿ ನಡೆದ, 2015ರಲ್ಲಿ ಪ್ರಕಟವಾದ ಅಧ್ಯಯನದಂತೆ ಸರಾಸರಿ 7 ನಿಮಿಷ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ನೋಡುವ ವೈದ್ಯರು, ಅವಸರದಲ್ಲಿ ಮುಗಿಸುವವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು ಅಪಾಯಕಾರಿ ಜಾಗಗಳನ್ನು ಪತ್ತೆಮಾಡಿದರು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಜಠರದ ಕ್ಯಾನ್ಸರ್ ಪತ್ತೆಯಾದ ಹತ್ತು ಜನರಲ್ಲಿ ಸುಮಾರು ಒಬ್ಬರು ಅದಕ್ಕೆ ಹಿಂದಿನ ಮೂರು ವರ್ಷಗಳಲ್ಲಿ ಎಂಡೋಸ್ಕೊಪಿ ಮಾಡಿಸಿಕೊಂಡು, ಏನೂ ಇಲ್ಲವೆಂಬ ವರದಿ ಪಡೆದವರೇ ಆಗಿರುತ್ತಾರೆ.

ಬಿಳಿ ಬೆಳಕು

ಹುಡುಕಾಟದ ತಳಹದಿ ಇಂದಿಗೂ ಬಿಳಿ ಬೆಳಕೇ. ಅದರಡಿ ಆರಂಭಿಕ ಕ್ಯಾನ್ಸರ್ ಸುತ್ತಲಿಗಿಂತ ತುಸು ಹೆಚ್ಚು ಕೆಂಪಗೆ ಅಥವಾ ಪೇಲವವಾಗಿ ಕಾಣುತ್ತದೆ; ಹೊಳಪು ಕುಂದಿರುತ್ತದೆ; ಮುಟ್ಟದೆಯೇ ಅಲ್ಪ ರಕ್ತ ಜಿನುಗಿರಬಹುದು; ರಕ್ತನಾಳಗಳ ಜಾಲ ಅಲ್ಲಿಗೆ ಬಂದು ಅಳಿಸಿಹೋಗಿರುತ್ತದೆ; ಮಡಿಕೆಗಳು ಹಠಾತ್ತನೆ ತುಂಡಾಗಿರುತ್ತವೆ ಇಲ್ಲವೆ ತುದಿ ಸವೆದಿರುತ್ತವೆ. ಇವೆಲ್ಲಕ್ಕೂ ಮೊದಲು ಗಮನಿಸಬೇಕಾದವು ಎರಡು: ಆ ಜಾಗಕ್ಕೆ ಸ್ಪಷ್ಟವಾದ ಅಂಚು ಇದೆಯೇ, ಅದರೊಳಗಿನ ಬಣ್ಣವೋ ಮೈಯೋ ಕ್ರಮತಪ್ಪಿದೆಯೇ. ಉರಿಯೂತದ ಕೆಂಪಿಗೆ ಸಾಮಾನ್ಯವಾಗಿ ಅಂಚು ಮಸುಕಾಗಿರುತ್ತದೆ, ಹರಡಿಕೆ ಒಂದೇ ಹದದಲ್ಲಿರುತ್ತದೆ.

ಬಿಳಿ ಬೆಳಕಿನ ಬಲ ಅದರ ಹರವು. ಇಡೀ ಜಠರ ಒಮ್ಮೆಗೇ ಬೆಳಗುತ್ತದೆ. ಅದರ ಕೊರತೆ ನಿರ್ಣಯದಲ್ಲಿದೆ: ಕಂಡ ಕಲೆ ಕ್ಯಾನ್ಸರ್ ಹೌದೋ ಅಲ್ಲವೋ ಎಂಬಲ್ಲಿ ನುರಿತ ಕಣ್ಣಿಗೂ ತಪ್ಪಾಗುತ್ತದೆ.

ಬಣ್ಣ ಸಿಂಪಡಣೆ

ನೋಟವನ್ನು ಹರಿತಗೊಳಿಸುವ ಹಳೆಯ, ಅಗ್ಗದ ಉಪಾಯ ಬಣ್ಣ. ಇಂಡಿಗೊ ಕಾರ್ಮೈನ್ ಎಂಬ ನೀಲಿ ದ್ರಾವಣವನ್ನು ನಳಿಕೆಯ ಮೂಲಕ ಲೋಳೆಪೊರೆಯ ಮೇಲೆ ಸಿಂಪಡಿಸುತ್ತಾರೆ. ಪೊರೆ ಅದನ್ನು ಹೀರಿಕೊಳ್ಳುವುದಿಲ್ಲ. ಉಳುಮೆ ಮಾಡಿದ ಹೊಲದ ಸಾಲುಗಳಲ್ಲಿ ಮಳೆನೀರು ನಿಲ್ಲುವಂತೆ ಬಣ್ಣ ತಗ್ಗುಗಳಲ್ಲಿ ನಿಂತು ಉಬ್ಬುತಗ್ಗುಗಳನ್ನು ಬಿಡಿಸಿ ತೋರಿಸುತ್ತದೆ. ಬರಿಗಣ್ಣಿಗೆ ಸಮತಟ್ಟೆನಿಸಿದ ಜಾಗದ ಅಂಚು ಆಗ ಗೋಚರಿಸುತ್ತದೆ. ಮೆಥಿಲೀನ್ ಬ್ಲೂ ಇದಕ್ಕಿಂತ ಬೇರೆ ಬಗೆಯದು. ಕರುಳಿನಂತೆ ಮಾರ್ಪಟ್ಟ ಕೋಶಗಳು ಅದನ್ನು ಹೀರಿ ನೀಲಿಯಾಗುತ್ತವೆ.

ದುರ್ಬಲ ಅಸಿಟಿಕ್ ಆಮ್ಲವನ್ನೂ ಬಳಸುತ್ತಾರೆ. ಅದು ತಗುಲಿದೊಡನೆ ಪೊರೆ ಬೆಳ್ಳಗಾಗುತ್ತದೆ, ಕೆಲಹೊತ್ತಿನ ಬಳಿಕ ಬಿಳುಪು ಇಳಿಯುತ್ತದೆ. ಕ್ಯಾನ್ಸರಿನ ಜಾಗದಲ್ಲಿ ಬೇಗ ಇಳಿಯುತ್ತದೆ. ಆಮ್ಲವನ್ನೂ ನೀಲಿ ಬಣ್ಣವನ್ನೂ ಒಟ್ಟಿಗೆ ಬಳಸಿದರೆ ಗಡಿ ಇನ್ನಷ್ಟು ಸ್ಪಷ್ಟವಾಗುತ್ತದೆ. ಬಣ್ಣ ಸಿಂಪಡಣೆಗೆ ಹೊಸ ಯಂತ್ರ ಬೇಡ, ಹೊತ್ತು ಬೇಕು. ರಕ್ತನಾಳಗಳ ವಿನ್ಯಾಸ ಮಾತ್ರ ಇದರಿಂದ ತಿಳಿಯದು.

ಕಿರುಪಟ್ಟಿಯ ಬೆಳಕು ಮತ್ತು ಹಿಗ್ಗಿಸಿದ ನೋಟ

ನ್ಯಾರೋ ಬ್ಯಾಂಡ್ ಇಮೇಜಿಂಗ್, ಚಿಕ್ಕದಾಗಿ ಎನ್‌ಬಿಐ, ಬಣ್ಣದ ಕೆಲಸವನ್ನು ಬೆಳಕಿನಿಂದಲೇ ಮಾಡಿಸುವ ಕ್ರಮ. ಒಲಿಂಪಸ್ ಕಂಪನಿಯೂ ಜಪಾನಿನ ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರದ ವೈದ್ಯರೂ ಸೇರಿ ಬೆಳೆಸಿದ ಇದು 2000ದ ದಶಕದ ನಡುವಿನಲ್ಲಿ ಆಸ್ಪತ್ರೆಗಳಿಗೆ ಬಂತು. ಬಿಳಿ ಬೆಳಕಿನಿಂದ ಎರಡು ಕಿರಿದಾದ ಪಟ್ಟಿಗಳನ್ನಷ್ಟೇ ಆಯ್ದುಕೊಳ್ಳುತ್ತಾರೆ: 415 ನ್ಯಾನೋಮೀಟರ್ ಸುತ್ತಿನ ನೀಲಿ, 540 ನ್ಯಾನೋಮೀಟರ್ ಸುತ್ತಿನ ಹಸಿರು. ರಕ್ತದ ಹೀಮೋಗ್ಲೋಬಿನ್ ಚೆನ್ನಾಗಿ ಹೀರಿಕೊಳ್ಳುವ ಬೆಳಕು ಇವೇ. ನೀಲಿ ಬೆಳಕು ಆಳಕ್ಕೆ ಹೋಗದೆ ಮೇಲ್ಪದರದಲ್ಲೇ ನಿಲ್ಲುವುದರಿಂದ ಅಲ್ಲಿನ ಸೂಕ್ಷ್ಮ ರಕ್ತನಾಳಗಳು ಕಂದಾಗಿ ಮೂಡುತ್ತವೆ. ಹಸಿರು ತುಸು ಕೆಳಗಿಳಿದು ದೊಡ್ಡ ನಾಳಗಳನ್ನು ಹಸಿರುನೀಲಿ ಛಾಯೆಯಲ್ಲಿ ತೋರಿಸುತ್ತದೆ.

ಇದರ ಪೂರ್ಣ ಶಕ್ತಿ ತಿಳಿಯುವುದು ಮಸೂರದಿಂದ ಸುಮಾರು 80ರಿಂದ 100 ಪಟ್ಟು ಹಿಗ್ಗಿಸಿದಾಗ. ನಳಿಕೆಯ ತುದಿಗೆ ಮೃದುವಾದ ಕಪ್ಪು ಟೋಪಿ ತೊಡಿಸಿ, ಪೊರೆಯಿಂದ ಒಂದೆರಡು ಮಿಲಿಮೀಟರ್ ದೂರವನ್ನು ಅಲುಗದಂತೆ ಕಾಯ್ದುಕೊಂಡು ನೋಡುತ್ತಾರೆ. ಆರೋಗ್ಯವಂತ ಪೊರೆಯಲ್ಲಿ ಗ್ರಂಥಿಗಳ ಬಾಯಿಗಳೂ ಅವನ್ನು ಸುತ್ತುವರಿದ ನಾಳಗಳೂ ಜೇನುಗೂಡಿನಂತೆ ಒಂದೇ ಅಳತೆಯಲ್ಲಿ ಪುನರಾವರ್ತನೆಯಾಗುತ್ತವೆ. ಕ್ಯಾನ್ಸರಿನಲ್ಲಿ ಆ ನೇಯ್ಗೆ ಹರಿದಿರುತ್ತದೆ. ನಾಳಗಳು ಒಮ್ಮೆ ದಪ್ಪ, ಒಮ್ಮೆ ಸಪೂರ. ತಿರುಚಿದ, ಕವಲೊಡೆದ, ಹಠಾತ್ತನೆ ನಿಂತ ಆಕಾರಗಳು.

ಈ ನೋಟವನ್ನು ಎಲ್ಲರೂ ಒಂದೇ ಬಗೆಯಲ್ಲಿ ಓದಲೆಂದು ಯಾವೊ ಮತ್ತು ಸಂಗಡಿಗರು 2009ರಲ್ಲಿ ‘ವಿಎಸ್’ ಪದ್ಧತಿಯನ್ನು ಮುಂದಿಟ್ಟರು. ನಾಳಗಳ ವಿನ್ಯಾಸ, ಮೇಲ್ಮೈ ವಿನ್ಯಾಸ ಎರಡನ್ನೂ ಬೇರೆಬೇರೆಯಾಗಿ ಅಳೆಯಬೇಕು. ರೋಗದ ಜಾಗಕ್ಕೂ ಸುತ್ತಲಿನ ಪೊರೆಗೂ ನಡುವೆ ಗಡಿಗೆರೆ ಇದ್ದು, ಅದರೊಳಗೆ ನಾಳಗಳೋ ಮೇಲ್ಮೈಯೋ ಕ್ರಮತಪ್ಪಿದ್ದರೆ ಕ್ಯಾನ್ಸರ್ ಎಂದು ಪರಿಗಣಿಸಬೇಕು. 2016ರಲ್ಲಿ ಜಪಾನಿನ ತಜ್ಞ ಸಂಘಗಳು ಒಪ್ಪಿದ ಸರಳ ಕ್ರಮದಲ್ಲಿ ಮೊದಲ ಪ್ರಶ್ನೆಯೇ ಗಡಿಗೆರೆ ಇದೆಯೇ ಎಂಬುದು. ಇಲ್ಲವಾದರೆ ಕ್ಯಾನ್ಸರ್ ಅಲ್ಲ ಎಂದು ಅಲ್ಲಿಗೇ ನಿಲ್ಲಿಸಬಹುದು. ಇದ್ದರೆ ಕ್ರಮಭಂಗವನ್ನು ಹುಡುಕಬೇಕು. ಇದಕ್ಕೆ ನೆರವಾಗುವ ಸುಳಿವುಗಳೂ ಇವೆ. ಗ್ರಂಥಿಗಳ ಅಂಚಿನಲ್ಲಿ ತೆಳುನೀಲಿ ಗೆರೆ ಹೊಳೆದರೆ ಅದು ಕರುಳಿನಂಥ ಮಾರ್ಪಾಡಿನ ಗುರುತು. ಕೆಲವೆಡೆ ಬಿಳಿಯ ಅಪಾರದರ್ಶಕ ವಸ್ತುವೊಂದು ನಾಳಗಳನ್ನು ಮುಚ್ಚಿಬಿಡುತ್ತದೆ. ಆಗ ಆ ಬಿಳಿಯ ಹರಡಿಕೆ ಕ್ರಮಬದ್ಧವೋ ಅಲ್ಲವೋ ಎಂಬುದರಿಂದಲೇ ತೀರ್ಮಾನಕ್ಕೆ ಬರಬಹುದು.

ಇದರ ಬಲವನ್ನು ಅಂಕಿಗಳಲ್ಲಿ ತೋರಿಸಿದ್ದು 2011ರಲ್ಲಿ ಪ್ರಕಟವಾದ ಜಪಾನಿನ ಬಹುಕೇಂದ್ರ ಪ್ರಯೋಗ. ಸಣ್ಣ ತಗ್ಗಿನಂಥ ಕಲೆಗಳ ನಿರ್ಣಯದಲ್ಲಿ ಬಿಳಿ ಬೆಳಕು 64.8% ಸರಿಯಾದರೆ, ಹಿಗ್ಗಿಸಿದ ಎನ್‌ಬಿಐ 90.4% ಸರಿಯಾಯಿತು, ಮೊದಲು ಬಿಳಿ, ಬಳಿಕ ಎನ್‌ಬಿಐ ಎಂದು ಎರಡನ್ನೂ ಬಳಸಿದಾಗ 96.6% ಆಯಿತು. ಹುಡುಕಾಟದ ಮಾತು ಬೇರೆ. ಇದೇ ಬೆಳಕಿನ ಹೆಚ್ಚು ಪ್ರಖರವಾದ ಎರಡನೆಯ ಪೀಳಿಗೆಯನ್ನು ಅಪಾಯ ಹೆಚ್ಚಿರುವ 4,523 ಜನರಲ್ಲಿ ಪರೀಕ್ಷಿಸಿದ, 2021ರಲ್ಲಿ ಪ್ರಕಟವಾದ ಜಪಾನಿನ ಪ್ರಯೋಗದಲ್ಲಿ ಬಿಳಿ ಬೆಳಕಿನಿಂದ 1.9%, ಎನ್‌ಬಿಐನಿಂದ 2.3% ಮಂದಿಯಲ್ಲಿ ಆರಂಭಿಕ ಕ್ಯಾನ್ಸರ್ ಸಿಕ್ಕಿತು. ಈ ಅಂತರವನ್ನು ಸಂಖ್ಯಾಶಾಸ್ತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಜಠರದಂಥ ಅಗಲವಾದ ಕುಳಿಯಲ್ಲಿ ಆಯ್ದ ಪಟ್ಟಿಗಳ ಬೆಳಕು ದೂರದ ಗೋಡೆಗೆ ತಲುಪುವ ಹೊತ್ತಿಗೆ ಮಂಕಾಗುವುದು ಹಳೆಯ ಉಪಕರಣಗಳ ದೊಡ್ಡ ತೊಂದರೆಯಾಗಿತ್ತು. ಪ್ರಖರತೆ ಹೆಚ್ಚಿದ ಮೇಲೂ ಹುಡುಕಾಟದಲ್ಲಿ ಅದು ಬಿಳಿ ಬೆಳಕನ್ನು ಹಿಂದಿಕ್ಕಲಿಲ್ಲ.

ಬಣ್ಣದ ಅಂತರ ಹಿಗ್ಗಿಸುವ ಕ್ರಮಗಳು

ಫ್ಯೂಜಿಫಿಲ್ಮ್ ಕಂಪನಿ ಬೇರೊಂದು ಜಾಡು ಹಿಡಿಯಿತು. 2012ರಲ್ಲಿ ಬಂದ ಅದರ ಉಪಕರಣದಲ್ಲಿ 410 ಮತ್ತು 450 ನ್ಯಾನೋಮೀಟರಿನ ಎರಡು ಲೇಸರ್‌ಗಳಿವೆ. ಮೊದಲನೆಯದು ಮೇಲ್ಪದರದ ನಾಳಗಳನ್ನು ಎತ್ತಿ ತೋರಿಸುತ್ತದೆ. ಎರಡನೆಯದು ರಂಜಕ ಪದಾರ್ಥವನ್ನು ಕೆರಳಿಸಿ ಬಿಳಿ ಬೆಳಕನ್ನು ಹುಟ್ಟಿಸುತ್ತದೆ. ಇದರ ನೀಲಿ ಲೇಸರ್ ಚಿತ್ರಣವನ್ನು ಹಿಗ್ಗಿಸಿದ ನೋಟಕ್ಕೆ ಎನ್‌ಬಿಐ ಹಾಗೆಯೇ ಬಳಸಬಹುದು.

ಇದೇ ಕುಟುಂಬದ ಲಿಂಕ್ಡ್ ಕಲರ್ ಇಮೇಜಿಂಗ್ ಎಂಬ ಕ್ರಮ ಹುಡುಕಾಟಕ್ಕೆಂದೇ ಮಾಡಿದ್ದು. ಕೆಂಪಿನ ಛಾಯೆಗಳ ನಡುವಿನ ಸಣ್ಣ ಅಂತರವನ್ನು ಅದು ದೊಡ್ಡದಾಗಿಸುತ್ತದೆ: ಕೆಂಪಾದದ್ದು ಇನ್ನಷ್ಟು ಕೆಂಪು, ಬೆಳ್ಳಗಿರುವುದು ಇನ್ನಷ್ಟು ಬಿಳಿ. ಕರುಳಿನಂತೆ ಮಾರ್ಪಟ್ಟ ಪೊರೆ ತೆಳುನೇರಳೆಯಾಗಿ ತೋರುವುದರಿಂದ ಅದರ ನಡುವಿನ ಕಿತ್ತಳೆಗೆಂಪಿನ ಕ್ಯಾನ್ಸರ್ ಕಣ್ಣಿಗೆ ಹೊಡೆಯುತ್ತದೆ. ಜಪಾನಿನ 19 ಆಸ್ಪತ್ರೆಗಳ ಸುಮಾರು 1,500 ಜನರಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಗಂಟಲು, ಅನ್ನನಾಳ, ಜಠರಗಳ ಗಡ್ಡೆಗಳು ಬಿಳಿ ಬೆಳಕಿನಿಂದ 4.8% ಮಂದಿಯಲ್ಲಿ ಸಿಕ್ಕರೆ, ಈ ಕ್ರಮದಿಂದ 8.0% ಮಂದಿಯಲ್ಲಿ ಸಿಕ್ಕವು. ಪೈಲೊರಿ ಸೋಂಕನ್ನು ಔಷಧಿಯಿಂದ ತೊಲಗಿಸಿದ ಬಳಿಕ ಹುಟ್ಟುವ ಕ್ಯಾನ್ಸರ್ ಚಪ್ಪಟೆಯಾಗಿ, ಸುತ್ತಲಿನ ಪೊರೆಯಂತೆಯೇ ಕಾಣುವುದರಿಂದ ಬಣ್ಣದ ಅಂತರ ಹೆಚ್ಚಿಸುವ ಇಂಥ ಕ್ರಮಗಳಿಗೆ ಬೆಲೆ ಬಂದಿದೆ. ಒಲಿಂಪಸ್ 2020ರಲ್ಲಿ ಹೊರತಂದ ಟಿಎಕ್ಸ್‌ಐ ಕ್ರಮ ಹೊಳಪು, ಬಣ್ಣ, ಮೈಯ ವಿನ್ಯಾಸ ಮೂರನ್ನೂ ತಿದ್ದಿ ಇದೇ ಗುರಿಯತ್ತ ಸಾಗುತ್ತದೆ. ಪೆಂಟ್ಯಾಕ್ಸ್‌ನ ಐ-ಸ್ಕ್ಯಾನ್, ಫ್ಯೂಜಿಯ ಹಳೆಯ ಫೈಸ್ ಕ್ರಮಗಳು ಬೆಳಕನ್ನು ಬದಲಿಸದೆ, ಬಂದ ಚಿತ್ರವನ್ನು ಗಣಕದಲ್ಲಿ ಸಂಸ್ಕರಿಸುತ್ತವೆ. ಅಂಗಾಂಶ ತಾನಾಗಿ ಸೂಸುವ ಪ್ರತಿದೀಪ್ತಿಯನ್ನು ಹಿಡಿಯುವ ವಿಧಾನವೂ ಬಂದಿತ್ತು. ಉರಿಯೂತವನ್ನೂ ಕ್ಯಾನ್ಸರಿನಂತೆ ತೋರಿಸುವ ದೋಷದಿಂದ ಅದು ಹಿಂದೆ ಸರಿಯಿತು.

ಜೀವಕೋಶದ ಮಟ್ಟದ ನೋಟ

ಅಂಗಾಂಶದ ಚೂರು ತೆಗೆಯದೆಯೇ ಜೀವಕೋಶಗಳನ್ನು ನೋಡುವ ಎರಡು ವಿಧಾನಗಳಿವೆ. ಕಾನ್‌ಫೋಕಲ್ ಲೇಸರ್ ಸೂಕ್ಷ್ಮದರ್ಶನದಲ್ಲಿ ರೋಗಿಯ ರಕ್ತನಾಳಕ್ಕೆ ಫ್ಲೋರೆಸೀನ್ ಎಂಬ ಬಣ್ಣವನ್ನು ಚುಚ್ಚಿ, 488 ನ್ಯಾನೋಮೀಟರಿನ ನೀಲಿ ಲೇಸರ್ ಹಾಯಿಸಿ, ಪೊರೆಯ ಒಂದು ತೆಳು ಮಟ್ಟವನ್ನಷ್ಟೇ ಸುಮಾರು ಸಾವಿರ ಪಟ್ಟು ಹಿಗ್ಗಿಸಿ ತೋರಿಸುತ್ತಾರೆ. ಚರ್ಮ ಕೆಲವು ಗಂಟೆ ಹಳದಿಯಾಗುತ್ತದೆ. ಎಂಡೋಸೈಟೊಸ್ಕೊಪಿ ಎಂಬ ಇನ್ನೊಂದರಲ್ಲಿ ಮೆಥಿಲೀನ್ ಬ್ಲೂ, ಕ್ರಿಸ್ಟಲ್ ವಯಲೆಟ್ ಹಚ್ಚಿ, ಮಸೂರವನ್ನು ಪೊರೆಗೇ ತಗುಲಿಸಿ, 500 ಪಟ್ಟು ಹಿಗ್ಗಿಸಿ ಕೋಶಗಳ ಕೇಂದ್ರಗಳನ್ನು ನೋಡುತ್ತಾರೆ. ಇವೆರಡರಲ್ಲೂ ಒಮ್ಮೆಗೆ ಕಾಣುವುದು ಮಿಲಿಮೀಟರಿಗಿಂತ ಕಿರಿದಾದ ಜಾಗ. ಅನುಮಾನದ ಜಾಗ ಮೊದಲೇ ಗೊತ್ತಾಗಿದ್ದರೆ ಮಾತ್ರ ಪ್ರಯೋಜನ. ದುಬಾರಿ ಉಪಕರಣ, ದೀರ್ಘ ತರಬೇತಿ ಬೇಕಾದ್ದರಿಂದ ಇವು ದೊಡ್ಡ ಸಂಶೋಧನಾ ಕೇಂದ್ರಗಳಾಚೆ ಹೆಚ್ಚು ಹಬ್ಬಿಲ್ಲ. ಕೊನೆಯ ತೀರ್ಪು ಇಂದಿಗೂ ಬಯಾಪ್ಸಿಯದೇ. ಚಿತ್ರಣವು ಎಲ್ಲಿಂದ ಚೂರು ತೆಗೆಯಬೇಕೆಂದು ತೋರಿಸಿ, ಅನಗತ್ಯ ಚೂರುಗಳನ್ನು ತಪ್ಪಿಸುತ್ತದೆ.

ಆಳದ ಅಂದಾಜು

ಕ್ಯಾನ್ಸರ್ ಅಡಿಪದರಕ್ಕೆ ಇಳಿದಿದೆಯೇ ಎಂಬುದು ಚಿಕಿತ್ಸೆಯನ್ನು ನಿರ್ಧರಿಸುವ ಪ್ರಶ್ನೆ. ಶ್ರವಣಾತೀತ ಧ್ವನಿಯ ಎಂಡೋಸ್ಕೊಪಿ 1980ರ ಸುಮಾರಿಗೆ ಬಂತು. ಅದು ಜಠರದ ಗೋಡೆಯನ್ನು ಐದು ಪಟ್ಟೆಗಳಾಗಿ ತೋರಿಸುತ್ತದೆ. 20 ಮೆಗಾಹರ್ಟ್ಸ್‌ನ ಸಣ್ಣ ಶೋಧಕಗಳು ಇನ್ನೂ ಸೂಕ್ಷ್ಮ. ಆದರೆ ಹುಣ್ಣು ಮಾಯ್ದ ಜಾಗದ ಗಂಟನ್ನೂ ಕ್ಯಾನ್ಸರಿನ ಇಳಿತವನ್ನೂ ಅದು ಬೇರ್ಪಡಿಸಲಾರದೆ, ಇರುವುದಕ್ಕಿಂತ ಹೆಚ್ಚು ಆಳವೆಂದು ತೋರಿಸುವುದುಂಟು.

ಹೊಸ ಯಂತ್ರವೇನೂ ಬೇಡದ ಸರಳ ಪರೀಕ್ಷೆಯೊಂದು ಇಲ್ಲಿ ಬೆಲೆಯುಳ್ಳದ್ದಾಗಿದೆ. ಜಠರಕ್ಕೆ ಚೆನ್ನಾಗಿ ಗಾಳಿ ತುಂಬಿದಾಗ ಲೋಳೆಪೊರೆಯಲ್ಲೇ ಇರುವ ಕ್ಯಾನ್ಸರ್ ಗೋಡೆಯೊಂದಿಗೆ ಹಿಗ್ಗಿ ಚಪ್ಪಟೆಯಾಗುತ್ತದೆ. ಅಡಿಪದರಕ್ಕೆ ಆಳವಾಗಿ ಇಳಿದದ್ದು ಗಡಸಾಗಿ, ಹಿಗ್ಗದೆ, ದಿಬ್ಬದಂತೆ ಉಳಿದುಬಿಡುತ್ತದೆ.

ಕೃತಕ ಬುದ್ಧಿಮತ್ತೆ

2018ರಲ್ಲಿ ಜಪಾನಿನ ತಂಡವೊಂದು 13,584 ಚಿತ್ರಗಳಿಂದ ಕಲಿಸಿದ ನರಜಾಲ ತಂತ್ರಾಂಶ, ಬೇರೆ 2,296 ಚಿತ್ರಗಳನ್ನು 47 ಸೆಕೆಂಡುಗಳಲ್ಲಿ ನೋಡಿ 77 ಕ್ಯಾನ್ಸರ್ ಜಾಗಗಳಲ್ಲಿ 71ನ್ನು ಹಿಡಿಯಿತು. ಅದೇ ಹೊತ್ತಿಗೆ ಅದು ಕ್ಯಾನ್ಸರ್ ಎಂದು ತೋರಿಸಿದವುಗಳಲ್ಲಿ ನಿಜವಾದವು 30.6% ಮಾತ್ರ, ಉರಿಯೂತದ ನೆಲ ಯಂತ್ರವನ್ನೂ ಏಮಾರಿಸಿತು. ಚೀನಾದ ವುಹಾನ್‌ನಲ್ಲಿ ಬೆಳೆದ ತಂತ್ರಾಂಶ ಇನ್ನೊಂದು ಕೆಲಸವನ್ನೂ ಕೈಗೆತ್ತಿಕೊಂಡಿತು. ವೈದ್ಯರು ಜಠರದ ಯಾವ ಮೂಲೆಯನ್ನು ನೋಡಿಲ್ಲ ಎಂಬುದನ್ನು ಪರೀಕ್ಷೆ ನಡೆಯುತ್ತಿರುವಾಗಲೇ ತೋರಿಸುವುದು. 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನೋಟಕ್ಕೆ ತಪ್ಪಿದ ಭಾಗ 22.46%ರಿಂದ 5.86%ಕ್ಕೆ ಇಳಿಯಿತು. ಅದೇ ಕೇಂದ್ರದ 2021ರ ಪ್ರಯೋಗದಲ್ಲಿ ತಂತ್ರಾಂಶದ ನೆರವಿದ್ದಾಗ ಗಡ್ಡೆಗಳು ಕಣ್ತಪ್ಪಿದ ಪ್ರಮಾಣ 6.1%, ಇಲ್ಲದಾಗ 27.3%.

ಚಿತ್ರಣದಿಂದ ಚಿಕಿತ್ಸೆಗೆ

ಗಡಿಯನ್ನು ಇಷ್ಟು ನಿಖರವಾಗಿ ಹಿಡಿಯುವುದರ ಫಲ ಚಿಕಿತ್ಸೆಯಲ್ಲಿ ಕಾಣುತ್ತದೆ. ಹೊಟ್ಟೆ ಸೀಳದೆ, ಎಂಡೋಸ್ಕೋಪಿನ ಮೂಲಕವೇ ಅಡಿಪದರಕ್ಕೆ ದ್ರವ ಚುಚ್ಚಿ ಪೊರೆಯನ್ನು ಎತ್ತಿ, ಸಣ್ಣ ವಿದ್ಯುತ್ ಚಾಕುವಿನಿಂದ ರೋಗದ ಜಾಗವನ್ನು ಒಂದೇ ತುಂಡಾಗಿ ಬಿಡಿಸಿ ತೆಗೆಯುವ ಇಎಸ್‌ಡಿ ವಿಧಾನ ಜಪಾನಿನಲ್ಲಿ 1990ರ ದಶಕದ ಕೊನೆಯಲ್ಲಿ ರೂಪುಗೊಂಡಿತು. ಗ್ರಂಥಿಯ ರೂಪ ಉಳಿಸಿಕೊಂಡು ಬೆಳೆಯುವ ಬಗೆ ಲೋಳೆಪೊರೆಯಲ್ಲೇ ಇದ್ದು ಹುಣ್ಣಿಲ್ಲದಿದ್ದರೆ, ಎಷ್ಟೇ ಅಗಲವಿದ್ದರೂ ಹೀಗೆ ತೆಗೆಯಬಹುದು. ಹುಣ್ಣಿದ್ದರೆ 3 ಸೆಂಟಿಮೀಟರ್‌ವರೆಗೆ. ಕೋಶಗಳು ಚದುರಿ ಬೆಳೆಯುವ ಬಗೆಗೆ ಮಿತಿ 2 ಸೆಂಟಿಮೀಟರ್, ಅದೂ ಹುಣ್ಣಿಲ್ಲದಿದ್ದರೆ. ಈ ಎರಡನೆಯ ಬಗೆ ಮೇಲಿನ ಹೊದಿಕೆಯನ್ನು ಹಾಗೆಯೇ ಬಿಟ್ಟು ಅಡಿಯಲ್ಲಿ ಹರಡುವುದರಿಂದ ಹಿಗ್ಗಿಸಿದ ಎನ್‌ಬಿಐ ಸಹ ಗಡಿಗೆರೆಯನ್ನು ತಪ್ಪಾಗಿ ಓದಬಹುದು. ಅಂಥಲ್ಲಿ ಸುತ್ತಲಿನಿಂದ ಬಯಾಪ್ಸಿ ಚೂರುಗಳನ್ನು ತೆಗೆದು ಗಡಿಯನ್ನು ಖಚಿತಪಡಿಸಿಕೊಳ್ಳುತ್ತಾರೆ.

ತಪಾಸಣೆ: ಪೂರ್ವ ಏಷ್ಯಾ ಮತ್ತು ಭಾರತ

ರೋಗಲಕ್ಷಣವಿಲ್ಲದವರನ್ನೂ ಕರೆದು ಪರೀಕ್ಷಿಸುವ ರಾಷ್ಟ್ರೀಯ ಯೋಜನೆಗಳು ಜಪಾನ್ ಮತ್ತು ದಕ್ಷಿಣ ಕೊರಿಯಾದಲ್ಲಿವೆ. ಜಪಾನಿನಲ್ಲಿ ದಶಕಗಳ ಕಾಲ ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆಯುತ್ತಿದ್ದರು. 2016ರಿಂದ 50 ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ಎಂಡೋಸ್ಕೊಪಿಗೂ ಅವಕಾಶವಾಯಿತು. ಕೊರಿಯಾದಲ್ಲಿ 40 ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ಪರೀಕ್ಷೆ. ಅಲ್ಲಿನ ಯೋಜನೆಯನ್ನು ವಿಶ್ಲೇಷಿಸಿದ 2017ರ ಅಧ್ಯಯನದಲ್ಲಿ ಎಂಡೋಸ್ಕೊಪಿ ಮಾಡಿಸಿಕೊಂಡವರು ಜಠರದ ಕ್ಯಾನ್ಸರಿನಿಂದ ಸಾಯುವ ಸಾಧ್ಯತೆ 47% ಕಡಿಮೆಯಿತ್ತು. ಬೇರಿಯಂ ಎಕ್ಸ್‌ರೇಯಿಂದ ಅಂಥ ಲಾಭ ಕಾಣಲಿಲ್ಲ.

ಭಾರತದಲ್ಲಿ ಜಠರದ ಕ್ಯಾನ್ಸರ್ ಎಲ್ಲೆಡೆ ಒಂದೇ ಪ್ರಮಾಣದಲ್ಲಿಲ್ಲ. ಮಿಜೋರಾಂನ ಐಜಾಲ್ ಸೇರಿದಂತೆ ಈಶಾನ್ಯದಲ್ಲಿ ಅತಿ ಹೆಚ್ಚು; ಉತ್ತರದ ಬಯಲಿಗಿಂತ ದಕ್ಷಿಣದಲ್ಲಿ ಹೆಚ್ಚು. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ ಮೊದಲ ಕೇಂದ್ರಗಳಲ್ಲಿ ಒಂದಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ನೋಂದಣಿಯಲ್ಲಿ ಪುರುಷರ ಮುಖ್ಯ ಕ್ಯಾನ್ಸರ್‌ಗಳ ಸಾಲಿನಲ್ಲಿ ಜಠರದ್ದು ಹಿಂದಿನಿಂದಲೂ ಇದೆ. ದೇಶದಲ್ಲಿ ಪೈಲೊರಿ ಸೋಂಕು ಬಹಳ ವ್ಯಾಪಕ, ಕ್ಯಾನ್ಸರಿನ ಪ್ರಮಾಣ ಅದಕ್ಕೆ ಹೋಲಿಸಿದರೆ ಕಡಿಮೆ. ಸರ್ಕಾರದ ತಪಾಸಣಾ ಕಾರ್ಯಕ್ರಮ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್‌ಗಳಿಗಷ್ಟೇ ಸೀಮಿತವಾಗಿದೆ. ಹೀಗಾಗಿ ಇಲ್ಲಿ ಹೆಚ್ಚಿನವರು ಆಸ್ಪತ್ರೆಗೆ ಬರುವುದು ಊಟ ಸೇರದೆ, ತೂಕ ಇಳಿದು, ವಾಂತಿ ಶುರುವಾದ ಮೇಲೆ.

ತಡವಾಗಲು ಇನ್ನೊಂದು ಕಾರಣವೂ ಉಂಟು. ಹೊಟ್ಟೆಯ ಯಾವ ತೊಂದರೆಯಾದರೂ ‘ಗ್ಯಾಸ್ಟ್ರಿಕ್’ ಎಂದು ಕರೆದು, ಔಷಧಿ ಅಂಗಡಿಯಿಂದ ಆಮ್ಲ ತಗ್ಗಿಸುವ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುವುದು ಕರ್ನಾಟಕದಲ್ಲಿ ಸಾಮಾನ್ಯ. ಆರಂಭಿಕ ಕ್ಯಾನ್ಸರಿನ ಮೇಲಿನ ಹುಣ್ಣು ಈ ಮಾತ್ರೆಗಳಿಂದ ತಾತ್ಕಾಲಿಕವಾಗಿ ಮಾಯಬಲ್ಲದು. ನೋವು ನಿಂತಿತೆಂದು ರೋಗಿ ಸುಮ್ಮನಾಗುತ್ತಾನೆ. ಆ ಹೊತ್ತಿನಲ್ಲಿ ಎಂಡೋಸ್ಕೊಪಿ ಮಾಡಿದರೂ ಮಾಯ್ದ ಹುಣ್ಣಿನಂತೆಯೇ ಕಂಡು ಕಣ್ತಪ್ಪಬಹುದು. ನಡುವಯಸ್ಸು ದಾಟಿದವರಲ್ಲಿ ಹೊಸದಾಗಿ ಅಜೀರ್ಣ ಶುರುವಾದರೆ, ಕಾರಣ ತಿಳಿಯದ ರಕ್ತಹೀನತೆ, ಕಪ್ಪು ಮಲ, ತೂಕ ಇಳಿತ ಇದ್ದರೆ ಮಾತ್ರೆಗಿಂತ ಮೊದಲು ಎಂಡೋಸ್ಕೊಪಿ ಬೇಕು. ಲೋಳೆಪೊರೆಯ ಸವೆತ ವ್ಯಾಪಕವಾಗಿರುವವರಿಗೆ ಮೂರು ವರ್ಷಕ್ಕೊಮ್ಮೆ ಮರುಪರೀಕ್ಷೆ ಮಾಡಬೇಕೆಂದು 2019ರ ಯುರೋಪಿನ ಮಾರ್ಗಸೂಚಿ ಹೇಳುತ್ತದೆ. ಹತ್ತಿರದ ರಕ್ತಸಂಬಂಧಿಗಳಲ್ಲಿ ಈ ಕ್ಯಾನ್ಸರ್ ಇದ್ದರೆ ಇನ್ನೂ ಬೇಗ.

ಹಿಗ್ಗಿಸುವ ಮಸೂರವೂ ಲೇಸರ್ ಬೆಳಕೂ ಇರುವ ಉಪಕರಣಗಳು ಭಾರತದಲ್ಲಿ ದೊಡ್ಡ ನಗರಗಳ ಆಯ್ದ ಆಸ್ಪತ್ರೆಗಳಿಗೆ ಸೀಮಿತ. ಜಿಲ್ಲಾ ಮಟ್ಟದ ಕೇಂದ್ರದಲ್ಲಿ ಸಾಮಾನ್ಯವಾಗಿ ಇರುವುದು ಬಿಳಿ ಬೆಳಕಿನ ವಿಡಿಯೊ ಎಂಡೋಸ್ಕೋಪ್. ಮೂರು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ, ಅಂದರೆ ಅನುಮಾನದ ಜಾಗವನ್ನು ಹುಡುಕುವುದಕ್ಕೆ, ಅದು ಸಾಲುತ್ತದೆ: ಲೋಳೆ ತೊಳೆದ ಜಠರ, ಏಳು ನಿಮಿಷಕ್ಕೆ ಕಡಿಮೆಯಿಲ್ಲದ ನೋಟ, ಸರದಿಯಂತೆ ತೆಗೆದಿಟ್ಟ ಚಿತ್ರಗಳು, ಸಂಶಯ ಬಂದಲ್ಲಿ ಒಂದಿಷ್ಟು ಇಂಡಿಗೊ ಕಾರ್ಮೈನ್. ಉಳಿದೆರಡು ಪ್ರಶ್ನೆಗಳಿಗೆ ರೋಗಿಯನ್ನು ದೊಡ್ಡ ಕೇಂದ್ರಕ್ಕೆ ಕಳುಹಿಸಬಹುದು. ಮೊದಲ ಕೇಂದ್ರದಲ್ಲಿ ಕಣ್ತಪ್ಪಿದ ಕಲೆ ಮಾತ್ರ ಅಲ್ಲಿಗೆ ತಲುಪುವುದೇ ಇಲ್ಲ.